ಪಿಯುಸಿ ನಂತರ ಪ್ಯಾರಾ ಎಸ್‌ಎಫ್ (ಸೇನೆಯ ಕಮಾಂಡೊ ಪಡೆ) ಸೇರಲು ಪದವಿ ಮಾಡಬೇಕೇ, ಅಗ್ನಿವೀರನಾಗಬೇಕೇ?

ತಂಡವನ್ನು ಮುನ್ನಡೆಸುವ ಆಸೆಯಿದ್ದರೆ ಪದವಿ ಮುಗಿಸಿ, ಸೇನಾಧಿಕಾರಿಗಳ ನೇಮಕಾತಿಯ ಸಿಡಿಎಸ್ ಪರೀಕ್ಷೆ ಬರೆಯಿರಿ. ಸೈನಿಕರಾಗಿ ಸೇರುವ ಅಗ್ನಿವೀರರ ಅವಧಿ 4 ವರ್ಷ ಮಾತ್ರ, ಬಳಿಕ ಕಾಯಂ ಆಗುವವರು ಗರಿಷ್ಠ ಶೇ. 25. ಕಮಾಂಡೊ ಆಯ್ಕೆಯ ಮಟ್ಟಿಗೆ ಎರಡೂ ದಾರಿಗಳು ಒಂದೇ ಕಡೆ ಸೇರುತ್ತವೆ, ಏಕೆಂದರೆ ಮೊದಲು ಸೈನಿಕನೋ ಅಧಿಕಾರಿಯೋ ಆಗಿ, ಸ್ವಇಚ್ಛೆಯಿಂದ ಮುಂದೆ ಬಂದು, ಪ್ರೊಬೇಷನ್ ಎಂಬ ಕಠಿಣ ಪರೀಕ್ಷಾವಧಿಯನ್ನು ದಾಟಿದವರಿಗಷ್ಟೇ ಅಲ್ಲಿ ಸ್ಥಾನ. ನಿದ್ದೆಗೆಟ್ಟು, ಬೆನ್ನಿಗೆ ಭಾರ ಹೊತ್ತು ರಾತ್ರಿಯಿಡೀ ನಡೆಯುವಾಗ ಯಾರೂ ಅಂಕಪಟ್ಟಿ ಕೇಳುವುದಿಲ್ಲ, ಬಹುಪಾಲು ಮಂದಿ ಅಲ್ಲಿಂದಲೇ ಮರಳುತ್ತಾರೆ. ಹಾಗೆ ಮರಳಿದರೂ ಅಧಿಕಾರಿಯ ಹುದ್ದೆ ಉಳಿಯುತ್ತದೆ. ನಾನು ಪದವಿಯತ್ತ ವಾಲಲು ಇದೇ ಕಾರಣ. ಕೋರ್ಸ್ ಆರಂಭದ ವೇಳೆಗೆ ಹತ್ತೊಂಬತ್ತೂವರೆ ವರ್ಷ ದಾಟದಿದ್ದರೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಯನ್ನೂ ಬರೆಯಿರಿ, ಅಲ್ಲಿ ತರಬೇತಿಯೊಂದಿಗೆ ಪದವಿಯೂ ದೊರೆಯುತ್ತದೆ. ಸಿಡಿಎಸ್, ಎನ್‌ಡಿಎ ಎರಡಕ್ಕೂ ಎದುರಿಸಬೇಕಾದ, ಅಧಿಕಾರಿಗಳನ್ನು ಆಯ್ಕೆ ಮಾಡುವ ಎಸ್‌ಎಸ್‌ಬಿ ಸಂದರ್ಶನದ ಕೇಂದ್ರವೊಂದು ಬೆಂಗಳೂರಿನಲ್ಲೇ ಇದೆ.