ಓದುಗರ ಪ್ರಶ್ನೆ: ಈ ಕಾಗದ ಯಾವ ಕಚೇರಿಯದು?

ಪ್ರಶ್ನೆ: ನಮ್ಮ ಅಜ್ಜ 1930ರ ದಶಕದಲ್ಲಿ ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದರು. ಊರು ಕುಂದಾಪುರದ ಕಡೆ. ಮುಂಬಯಿಯ ಪತ್ರಾಗಾರದಲ್ಲಿ 'ಉಡುಪಿ ಹೋಟೆಲ್' ಎಂಬ ಫೈಲು ಸಿಕ್ಕೀತೆ? ಊರಿನ ಜಮೀನಿನ ಹಳೆಯ ಕಾಗದವೂ ಅಲ್ಲೇ ಇರುತ್ತದೆಯೆ?
ಓದುಗರು, ಡೊಂಬಿವಲಿ

ಉತ್ತರ: ಆ ಹೆಸರಿನ ಫೈಲು ಇರಲಾರದು. ಗ್ರಂಥಾಲಯದಲ್ಲಿ ಪುಸ್ತಕಗಳು ವಿಷಯವಾರು ಕೂತಿರುತ್ತವೆ. ಪತ್ರಾಗಾರದಲ್ಲಿ ಹಾಗಲ್ಲ, ಕಾಗದ ಯಾವ ಕಚೇರಿಯಲ್ಲಿ ಹುಟ್ಟಿತೋ ಆ ಕಚೇರಿಯ ಸಾಲಿನಲ್ಲೇ ಇರುತ್ತದೆ. 'ಯಾವುದರ ಬಗ್ಗೆ' ಎಂದು ಹುಡುಕಿದವರು ಬರಿಗೈಯಲ್ಲಿ ಬರುವುದು ಇದೇ ಕಾರಣಕ್ಕೆ. 'ಇದನ್ನು ಆಗ ಯಾರು ಬರೆದಿಟ್ಟಿರಬಹುದು' ಎಂದು ಮೊದಲು ಯೋಚಿಸಿ.

ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಬೆಳೆದ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಮೂಲ 1821ರ ಬಾಂಬೆ ರೆಕಾರ್ಡ್ ಆಫೀಸು. ಅಲ್ಲಿನ ದೊಡ್ಡ ಪಾಲು ಸೆಕ್ರೆಟರಿಯೇಟಿನ ರೆವಿನ್ಯೂ, ಜುಡಿಶಿಯಲ್, ಜನರಲ್ ಮೊದಲಾದ ಇಲಾಖೆಗಳ ಪತ್ರವ್ಯವಹಾರ. ಹೋಟೆಲ್ ಲೈಸೆನ್ಸು ಪಾಲಿಕೆಗೆ ಸೇರಿದ್ದು. ಅದೂ ವರ್ಷ ವರ್ಷ ನವೀಕರಿಸುವ ಕಾಗದವಾದ್ದರಿಂದ ಉಳಿದಿರುವ ಸಂಭವ ಕಡಿಮೆ. ಹೋಟೆಲನ್ನು ಬಿಟ್ಟು ಕಟ್ಟಡವನ್ನು ಹಿಡಿಯಿರಿ. 1896ರ ಪ್ಲೇಗಿನ ನಂತರ, 1898ರಲ್ಲಿ, ಮುಂಬಯಿ ಸುಧಾರಣಾ ಟ್ರಸ್ಟ್ ಹುಟ್ಟಿತು. ದಾದರ್-ಮಾಟುಂಗಾ ಬಡಾವಣೆ ಅದರ ಯೋಜನೆ. 1933ರಲ್ಲಿ ಟ್ರಸ್ಟನ್ನು ಪಾಲಿಕೆಗೆ ಸೇರಿಸಿದರು. ಹಾಗಾಗಿ ಪ್ರಾಪರ್ಟಿ ಕಾರ್ಡಿನಲ್ಲಿರುವ ಸಿ.ಎಸ್. (ಕೆಡಾಸ್ಟ್ರಲ್ ಸರ್ವೆ, ಅಂದರೆ ಭೂಮಾಪನದ) ನಂಬರು, ಟ್ರಸ್ಟಿನ ಪ್ಲಾಟ್ ನಂಬರು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಹೋಟೆಲಿನ ಹೆಸರಿಗಾಗಿ ಆ ಕಾಲದ ಟೈಮ್ಸ್ ಆಫ್ ಇಂಡಿಯಾ ಡೈರೆಕ್ಟರಿಗಳನ್ನು ನೋಡಿ. ಸಣ್ಣ ಖಾನಾವಳಿಗಳು ಅದರಲ್ಲಿ ಕಾಣಿಸದಿದ್ದರೆ ಆಶ್ಚರ್ಯ ಬೇಡ.

ಸೆಕ್ರೆಟರಿಯೇಟಿನ ಕಾಗದ ಬೇಕಾದರೆ ಮೊದಲು ಆ ವರ್ಷದ, ಆ ಇಲಾಖೆಯ ಸೂಚಿ ತೆಗೆಸಿ. ಇಲಾಖೆ, ವರ್ಷ, ಸಂಪುಟ ಸಂಖ್ಯೆ, ಕಂಪೈಲೇಶನ್ (ಒಂದು ವಿಷಯದ ಪತ್ರಗಳ ಕಂತೆ) ಸಂಖ್ಯೆ, ಈ ನಾಲ್ಕನ್ನೂ ಚೀಟಿಯಲ್ಲಿ ಬರೆದರೆ ಮಾತ್ರ ಕಟ್ಟು ಹೊರಗೆ ಬರುತ್ತದೆ. ಸೂಚಿಯಲ್ಲಿ ಕಾರವಾರ 'ಸಿ'ಯಲ್ಲೂ ಇರಬಹುದು, 'ಕೆ'ಯಲ್ಲೂ ಇರಬಹುದು. ಕೆನರಾಕ್ಕೂ ಇದೇ ಪಾಡು, ಎರಡೂ ಕಡೆ ನೋಡಿ. ಗುರುತಿನ ಚೀಟಿ ಮತ್ತು ಪೆನ್ಸಿಲ್ ಒಯ್ಯಿರಿ. ಪೆನ್ನು ಒಳಗೆ ಬಿಡುವುದಿಲ್ಲ, ಬಿಡಲೂಬಾರದು.

ಇನ್ನು ಜಮೀನು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ನಿಮ್ಮ ಊರಿನ ಬಗ್ಗೆ ಮೇಲಿನ ಹಂತದ ಸರ್ಕಾರಿ ಪತ್ರವ್ಯವಹಾರ ಬೇಕಾದರೆ ಚೆನ್ನೈಗೇ ಹೋಗಬೇಕು. ಉತ್ತರ ಕನ್ನಡ ಮುಂಬಯಿಗೆ ಬಂದದ್ದು 1862ರಲ್ಲಿ, ಅದಕ್ಕಿಂತ ಹಿಂದಿನದು ಅದೂ ಚೆನ್ನೈ. ಧಾರವಾಡ, ಬೆಳಗಾವಿ, ವಿಜಯಪುರದವರಿಗೆ ಮಾತ್ರ ಮುಂಬಯಿಯೇ ತವರು.

ಪ್ರಶ್ನೆ: ಪುಣೆಯ ಪೇಶ್ವೆ ದಫ್ತರದಲ್ಲಿ ಧಾರವಾಡ ಸೀಮೆಯ ಕಾಗದಗಳಿವೆಯಂತೆ. ಮರಾಠಿ ಓದಲು ಬರುತ್ತದೆ. ಅಷ್ಟು ಸಾಕೆ?
ಓದುಗರು, ಕೊಥ್ರೂಡ್, ಪುಣೆ

ಉತ್ತರ: ಸಾಲದು, ಆ ಕಾಲದ ಮರಾಠಿ ಕಾಗದಗಳನ್ನು ಬರೆದ ಮೋಡಿ ಲಿಪಿ ಬೇಕು. ಮೊದಲು ಗೆರೆ ಎಳೆದು, ಅದಕ್ಕೆ ಅಕ್ಷರ ತೂಗುಬಿಟ್ಟು, ಪದಗಳ ನಡುವೆ ಜಾಗ ಬಿಡದೆ ಓಡಿಸಿದ ಬರಹ ಅದು. ಇ-ಈ, ಉ-ಊ ಭೇದವನ್ನೂ ಹೆಚ್ಚಾಗಿ ತೋರಿಸುವುದಿಲ್ಲ. ಊರಿನ ಹೆಸರು ತಪ್ಪಾಗಿ ಓದುವುದು ಇಲ್ಲಿಯೇ. ಬಟ್ಟೆಯಲ್ಲಿ ಕಟ್ಟಿಟ್ಟ ಗಂಟುಗಳಿಗೆ ಅಲ್ಲಿ 'ರುಮಾಲು' ಎನ್ನುತ್ತಾರೆ, ಬೇಡಿಕೆಯೂ ರುಮಾಲಿನ ಸಂಖ್ಯೆಯ ಮೇಲೆಯೇ.

ಎರಡನೆಯ ತೊಡಕು ತಾರೀಖು. ಮರಾಠರ ದಫ್ತರಗಳಲ್ಲಿ ಬಳಸುತ್ತಿದ್ದ ಶುಹೂರ್ ಸನ್ ಎಂಬ ವರ್ಷಗಣನೆಯನ್ನು ಅರಬ್ಬೀ ಸಂಖ್ಯಾಪದಗಳಲ್ಲಿ ಬರೆದಿರುತ್ತಾರೆ: ಇಹಿದೆ ಅಂದರೆ 1, ಇಸನ್ನೆ 2, ಸಲಾಸ್ 3, ಅರ್ಬಾ 4. ವರ್ಷ ಶುರುವಾಗುವುದು ಜೂನ್ ಮೊದಲ ವಾರ, ಮೃಗಶಿರಾ ಮಳೆಯ ಹೊತ್ತಿಗೆ. ಆದ್ದರಿಂದ ಜೂನ್‌ನಿಂದ ಡಿಸೆಂಬರ್‌ವರೆಗೆ 599, ಜನವರಿಯಿಂದ ಮೇವರೆಗೆ 600 ಕೂಡಿಸಿ. ಶುಹೂರ್ 1161ರ ಜನವರಿ ಎಂದರೆ ಕ್ರಿ.ಶ. 1761, ಪಾಣಿಪತ್ ಯುದ್ಧದ ತಿಂಗಳು. ಎಲ್ಲದಕ್ಕೂ 599 ಕೂಡಿಸಿದವರ ಲೆಕ್ಕ ಜನವರಿಯಿಂದ ಮೇವರೆಗಿನ ತಾರೀಖುಗಳಿಗೆ ಒಂದು ವರ್ಷ ತಪ್ಪುತ್ತದೆ.

ಮೋಡಿ ಕಲಿಯುವವರೆಗೆ ಗೋ.ಸ. ಸರದೇಸಾಯಿ ಸಂಪಾದಿಸಿದ, 1930ರ ದಶಕದ ಮೊದಲ ವರ್ಷಗಳಲ್ಲಿ ದೇವನಾಗರಿಯಲ್ಲಿ ಅಚ್ಚಾದ 45 ಸಂಪುಟಗಳ ಆಯ್ಕೆಯನ್ನು ಓದಿ. ನಿಮ್ಮ ತಾಲ್ಲೂಕಿನ ಹೆಸರು ಅದರಲ್ಲಿ ಬಂದರೆ ರುಮಾಲಿನತ್ತ ದಾರಿ ಸಿಕ್ಕೀತು.

ಪ್ರಶ್ನೆ: ಗೋವೆಯ ಪತ್ರಾಗಾರದಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ್ದು ಏನಾದರೂ ಇದೆಯೆ?
ಓದುಗರು, ಫೋಂಡಾ

ಉತ್ತರ: ಧಾರಾಳ. 1595ರಲ್ಲಿ ಪೋರ್ಚುಗೀಸ್ ಇತಿಹಾಸಕಾರ ದಿಯೋಗೊ ದು ಕೌತೊ ಮೇಲ್ವಿಚಾರಣೆಯಲ್ಲಿ ಆರಂಭವಾದ ಸಂಗ್ರಹ ಅದು. 'ನೆರೆಯ ರಾಜರು' ಎಂಬ ಅರ್ಥದ ಹೆಸರಿನ ಸಂಪುಟಗಳನ್ನು ಕೇಳಿ, ಶಿರಸಿ ಹತ್ತಿರದ ಸೋಂದೆಯ ಅರಸರೊಂದಿಗಿನ ಪತ್ರವ್ಯವಹಾರ ಅಲ್ಲಿದೆ. ಸೋಂದೆಯ ಅರಸು ಹೈದರನ ದಾಳಿಯ ನಂತರ ನೆಲೆಸಿದ್ದು ನಿಮ್ಮ ಫೋಂಡಾ ತಾಲ್ಲೂಕಿನ ಬಾಂದೋಡೆಯಲ್ಲೇ. ಭಾಷೆ ಹೆಚ್ಚಾಗಿ ಪೋರ್ಚುಗೀಸ್.

ಪ್ರಶ್ನೆ: ನಮ್ಮ ಕನ್ನಡ ಸಂಘದಲ್ಲಿ ಸುಮಾರು 400 ಹಳೆಯ ಫೋಟೊ, ಸಭಾ ನಡಾವಳಿಯ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ ಇವೆ. ವಾರ್ಷಿಕೋತ್ಸವಕ್ಕೆ ಪ್ರದರ್ಶಿಸುವುದು ಹೇಗೆ?
ಓದುಗರು, ನವಿ ಮುಂಬಯಿ

ಉತ್ತರ: ಮೂಲಗಳನ್ನು ಗೋಡೆಗೆ ಹಾಕಬೇಡಿ, ಪ್ರತಿಗಳನ್ನು ಹಾಕಿ. ಬೆಳಕಿನಿಂದ ಆದ ಹಾನಿ ಸರಿಹೋಗುವುದಿಲ್ಲ. ಮೂಲವನ್ನು ತೋರಿಸಲೇಬೇಕೆಂದಿದ್ದರೆ 50 ಲಕ್ಸ್ (ಬೆಳಕಿನ ಅಳತೆ) ಮೀರದ ಬೆಳಕು, ಕೆಲವೇ ವಾರ. ಲ್ಯಾಮಿನೇಶನ್ ಖಂಡಿತ ಬೇಡ: ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ, ಒಳಗಿನ ಆಮ್ಲ ಕಾಗದವನ್ನು ತಿನ್ನುತ್ತಲೇ ಇರುತ್ತದೆ. ಸೆಲೋಟೇಪಿನ ಕಂದು ಕಲೆಯೂ ಹಾಗೇ.

ಪುಟಗಳನ್ನು 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ), ಪೋಸ್ಟ್‌ಕಾರ್ಡ್ ಗಾತ್ರದ ಫೋಟೊಗಳನ್ನು 600 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಟಿಫ್ ಎಂಬ ಮಾದರಿಯ ಫೈಲಾಗಿ ಉಳಿಸಿ. ಒಂದೊಂದು ಫೈಲೂ ಸುಮಾರು 26 ಎಂಬಿ ಆಗುತ್ತದೆ, 400 ಫೋಟೊಗೆ 10 ಜಿಬಿ ಚಿಲ್ಲರೆ. ಎರಡು ಹಾರ್ಡ್‌ಡಿಸ್ಕ್ ಸಾಕು, ಆದರೆ ಒಂದು ಬೇರೆ ಮನೆಯಲ್ಲಿರಲಿ. ವಾಟ್ಸಾಪಿನಲ್ಲಿ ಬಂದದ್ದನ್ನು ಮೂಲವೆಂದು ಇಟ್ಟುಕೊಳ್ಳಬೇಡಿ, ಅದು ಚಿತ್ರವನ್ನು ಕುಗ್ಗಿಸಿರುತ್ತದೆ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮೊಹರು, ಯಾರೋ ಪೆನ್ಸಿಲಿನಲ್ಲಿ ಗೀಚಿದ ಹೆಸರು ಅಲ್ಲೇ ಇರುತ್ತದೆ.

ಪ್ರದರ್ಶನದ ದಿನವೇ ಒಳ್ಳೆಯ ಕೆಲಸ ಮಾಡಿಸಿಕೊಳ್ಳಬಹುದು. ಪ್ರತಿ ಚಿತ್ರದ ಕೆಳಗೆ ಸಂಖ್ಯೆ ಹಾಕಿ, ಪಕ್ಕದಲ್ಲಿ ಚೀಟಿ, ಪೆನ್ಸಿಲ್ ಇಡಿ: 'ಎಡದಿಂದ ಎಷ್ಟನೆಯವರು, ಹೆಸರೇನು, ನಿಮಗೆ ಹೇಗೆ ಗೊತ್ತು?' ಮೂರನೆಯ ಪ್ರಶ್ನೆ ಬಿಡಬೇಡಿ. ಒಬ್ಬರನ್ನೇ ಇಬ್ಬರು ಬೇರೆ ಬೇರೆ ಹೆಸರಿನಿಂದ ಗುರುತಿಸುವುದು ಮಾಮೂಲು. ಆಗ ಎರಡೂ ಚೀಟಿಗಳನ್ನು ದಾಖಲಿಸಿ, ಯಾವುದನ್ನೂ ಹರಿಯಬೇಡಿ. ಹ್ಯಾಂಡ್‌ಬಿಲ್ ಸಿಕ್ಕರೆ ನಾಟಕದ ತಾರೀಖಿನಿಂದ ಒಂದು ಹೆಸರು ತಾನಾಗಿ ಬಿದ್ದುಹೋಗುವುದೂ ಉಂಟು.