ಚಾರ್ಟ್ ಬಾಯಿಪಾಠ ಬೇಡ ಮಾರಾಯ್ರೆ, ಯಾವ ಗಂಟು ಮಡಚ್ತದೆ ನೋಡಿ

ನೀವು ಕೇಳಿದ್ದು ಎರಡು ಉಂಟು. ಒಂದು, ಜಿಮ್ಮಿನ ಯಾವ ಎಕ್ಸರ್ಸೈಸ್ ಯಾವ ಮಸಲ್‌ಗೆ ಅಂತ ಕಲಿಯುದು ಹೇಗೆ, ಗೋಡೆಗೆ ಅಂಟಿಸಿದ ಚಾರ್ಟ್ ಪೂರ್ತಿ ಬಾಯಿಪಾಠ ಮಾಡ್ಬೇಕಾ ಅಂತ. ಇನ್ನೊಂದು, ತಲೆಯ ಮೇಲಿನ ರಾಡನ್ನು ಕೆಳಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಬೆನ್ನಿಗೆ ಅಂತ ಟ್ರೇನರ್ ಹೇಳ್ತಾರೆ, ಆದ್ರೆ ಮರುದಿನ ನೋಯುದು ರಟ್ಟೆ ಮಾತ್ರ, ಯಾಕೆ ಅಂತ. ಮೊದಲನೆಯದು ತಲೆಗೆ ಹೋದ್ರೆ ಎರಡನೆಯದು ತನ್ನಷ್ಟಕ್ಕೆ ಹೋಗ್ತದೆ.

ನಾನು ಟ್ರೇನರ್ ಅಲ್ಲ, ಬ್ಯಾಂಕಲ್ಲಿ ಕೂತು ಕೆಲಸ ಮಾಡುವವ, ಸಂಜೆ ಕಂಕನಾಡಿ ಹತ್ರ ಒಂದು ಜಿಮ್ಮಿಗೆ ಹೋಗ್ತೇನೆ ಅಷ್ಟೆ. ತಂಗಿ ಫಿಸಿಯೋಥೆರಪಿ ಓದಿದ್ದು, ಅವಳ ಮಂಡೆ ತಿಂದು ತಿಂದು ಕಲ್ತದ್ದನ್ನು ಹೇಳ್ತೇನೆ.

ನಮ್ಮ ಕಡೆ ಮನೆಯಲ್ಲಿ ಕೋಳಿ ಕ್ಲೀನ್ ಮಾಡುವಾಗ ಕಡಿದಿಟ್ಟ ಕೋಳಿ ಪಾದ ಹಿಡ್ಕೊಂಡು ಆಡಿದ ಮಕ್ಕಳು ತುಂಬಾ ಇದ್ದಾರೆ, ಗೊತ್ತುಂಟಲ್ವಾ? ಕಡಿದ ಜಾಗದಲ್ಲಿ ಬೆಳ್ಳಗೆ ಹೊರಗೆ ಬಂದಿರ್ತದೆ, ಮನೆಯಲ್ಲಿ ಅದಕ್ಕೆ ನರ ಅಂತಾರೆ, ನಿಜವಾಗಿ ಮಸಲನ್ನು ಎಲುಬಿಗೆ ಸೇರಿಸುವ ಟೆಂಡನ್, ಅದನ್ನು ಎಳೆದ್ರೆ ಕೋಳಿಯ ಬೆರಳು ಮಡಚ್ತದೆ, ಬಿಟ್ರೆ ಸಡಿಲ. ಒಂದು ಆದಿತ್ಯವಾರ ಕೋರಿ ರೊಟ್ಟಿಗೆ ಅಂತ ಕೋಳಿ ತಂದಾಗ ತಂಗಿ ಅದನ್ನೇ ಎಳೆದು ತೋರಿಸಿ, "ನೋಡು ಅಣ್ಣ, ಮಸಲ್‌ಗೆ ಗೊತ್ತಿರುದು ಇದೊಂದೇ ಕೆಲಸ, ಎಳೆಯುದು. ದೂಡ್ಲಿಕ್ಕೆ ಅದಕ್ಕೆ ಬರುದೇ ಇಲ್ಲ" ಅಂದ್ಲು. ಬೆಂಚ್ ಪ್ರೆಸ್ಸಲ್ಲಿ ನಾವು ರಾಡ್ ದೂಡುದು ಹೌದು, ಆದ್ರೆ ಒಳಗೆ ನಡೆಯುದು ಎಂತ ಅಂದ್ರೆ ಎದೆಯ ಮಸಲ್ ತೋಳಿನ ಎಲುಬನ್ನು ಎದೆಯ ಮಧ್ಯಕ್ಕೆ ಎಳೀತದೆ, ರಟ್ಟೆಯ ಹಿಂದಿನ ಟ್ರೈಸೆಪ್ಸ್ ಮೊಣಕೈಯ ಹಿಂದಿನ ಎಲುಬನ್ನು ಎಳೆದು ಕೈ ನೇರ ಮಾಡ್ತದೆ.

ಹಾಗಾಗಿ ಯಾವುದೇ ಎಕ್ಸರ್ಸೈಸ್ ನೋಡುವಾಗ ಹೆಸರು ಬಿಡಿ, ಎರಡು ವಿಷಯ ನೋಡಿ. ಯಾವ ಗಂಟು, ಅಂದ್ರೆ ಜಾಯಿಂಟ್, ಅಲ್ಲಾಡ್ತಾ ಉಂಟು, ಮತ್ತೆ ಭಾರ ಆ ಗಂಟನ್ನು ಯಾವ ಕಡೆಗೆ ಎಳೀತಾ ಉಂಟು. ಅದಕ್ಕೆ ಎದುರು ಎಳೆಯುವ ಮಸಲ್ ಯಾವುದೋ ಅದಕ್ಕೇ ಕೆಲಸ.

ಇದನ್ನು ಈಗಲೇ ಕೂತಲ್ಲೇ ನೋಡಬಹುದು. ಬಲ ಮೊಣಕೈಯನ್ನು ಅರ್ಧ ಮಡಚಿ ಪಕ್ಕೆಗೆ ತಾಗಿಸಿ ಇಡಿ, ಎಡಗೈಯನ್ನು ಬಲ ರಟ್ಟೆ ಮೇಲೆ ಇಡಿ. ಈಗ ಮೊಣಕೈ ಅಲ್ಲಾಡಿಸದೆ ಬಲ ಅಂಗೈಯನ್ನು ಕೆಳಮುಖದಿಂದ ಮೇಲ್ಮುಖಕ್ಕೆ ಜೋರಾಗಿ ತಿರುಗಿಸಿ. ರಟ್ಟೆ ಗಟ್ಟಿ ಆಯ್ತಲ್ಲ? ರಟ್ಟೆಯ ಮುಂದಿನ ಬೈಸೆಪ್ಸ್ ಮುಂಗೈಯಲ್ಲಿ ಹೆಬ್ಬೆರಳಿನ ಕಡೆಯ ಎಲುಬಿಗೆ ಹೋಗಿ ಹಿಡ್ಕೊಂಡಿರುದರಿಂದ ಮೊಣಕೈ ಮಡಚುದು ಮಾತ್ರ ಅಲ್ಲ, ಅಂಗೈ ಮೇಲೆ ತಿರುಗಿಸುದೂ ಅದರದ್ದೇ ಕೆಲಸ. ಅಂಗೈ ಕೆಳಗೆ ಮಾಡಿ ಕರ್ಲ್ (ಭಾರ ಹಿಡಿದು ಮೊಣಕೈ ಮಡಚುದು) ಮಾಡಿದ್ರೆ ಬೈಸೆಪ್ಸ್‌ಗೆ ಬಲ ಕಡಿಮೆ, ಅದರ ಅಡಿಯಲ್ಲಿರುವ ಬ್ರೇಕಿಯಾಲಿಸ್ ಮತ್ತೆ ಮುಂಗೈ ಮಸಲ್‌ಗಳಿಗೆ ಹೆಚ್ಚು ಭಾರ ಬೀಳ್ತದೆ. ಹ್ಯಾಮರ್ ಕರ್ಲ್, ರಿವರ್ಸ್ ಕರ್ಲ್ ಅಂತ ಬೇರೆ ಬೇರೆ ಹೆಸರು ಇಟ್ಟದ್ದು ಇದಕ್ಕೇ.

ಈಗ ನಿಮ್ಮ ಪುಲ್‌ಡೌನ್. ಅಲ್ಲಿ ಎರಡು ಗಂಟು ಅಲ್ಲಾಡ್ತದೆ. ಭುಜದಲ್ಲಿ ತೋಳು ಮೇಲಿಂದ ಕೆಳಗೆ ಬರ್ತದೆ, ಅದು ಲ್ಯಾಟ್ಸ್ ಕೆಲಸ, ಸೊಂಟ, ಬೆನ್ನಿನ ಕೆಳಭಾಗದಿಂದ ಹೊರಟು ಕಂಕುಳ ಅಡಿಯಿಂದ ಹೋಗಿ ತೋಳಿನ ಎಲುಬಿಗೆ ಸೇರುವ ಅಗಲದ ಮಸಲ್ ಅದು. ಮತ್ತೆ ಮೊಣಕೈ ಮಡಚ್ತದೆ, ಅದು ಬೈಸೆಪ್ಸ್, ಬ್ರೇಕಿಯಾಲಿಸ್ ಕೆಲಸ. ಅಂದ್ರೆ ರಟ್ಟೆಗೆ ಕೆಲಸ ಸಿಗುದು ಸರಿಯೇ, ನೀವು ಮಾಡುವುದರಲ್ಲಿ ದೋಷ ಉಂಟು ಅಂತ ಅಲ್ಲ. ಆದ್ರೆ ಬೆನ್ನಿಗಿಂತ ಸಣ್ಣ ಮಸಲ್ ಆದ್ದರಿಂದ ಅದು ಮೊದಲು ಸೋಲ್ತದೆ, ಬೆನ್ನಿಗೆ ಇನ್ನೂ ದಮ್ಮು ಇರುವಾಗಲೇ ಸೆಟ್ ಮುಗೀತದೆ. ಸ್ವಲ್ಪ ಭಾರ ಇಳಿಸಿ, ಕೈಯಿಂದ ರಾಡ್ ಎಳೆಯುದು ಅಂತ ಯೋಚನೆ ಮಾಡದೆ ಮೊಣಕೈಯನ್ನು ಪಕ್ಕೆಯ ಕಡೆಗೆ ಇಳಿಸುದು ಅಂತ ಯೋಚನೆ ಮಾಡಿ ಎಳೀರಿ. ಆಗ್ಲೂ ಸರಿ ಅನಿಸದಿದ್ರೆ ಕೇಬಲಲ್ಲಿ ಸ್ಟ್ರೈಟ್ ಆರ್ಮ್ ಪುಲ್‌ಡೌನ್ ಮಾಡಿ, ಮೊಣಕೈ ಮಡಚುದೇ ಇಲ್ಲ ಅಂದ ಮೇಲೆ ಬೈಸೆಪ್ಸ್‌ಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ, ಲ್ಯಾಟ್ಸ್ ಎಲ್ಲಿ ಉಂಟು ಅಂತ ಆ ದಿನ ಗೊತ್ತಾಗ್ತದೆ ನಿಮಗೆ.

ಭಾರ ಯಾವ ಕಡೆಗೆ ಎಳೀತದೆ ಅಂತ ಹೇಳಿದೆ ಅಲ್ವಾ, ಅದನ್ನು ಜನ ನೋಡುದೇ ಇಲ್ಲ. ನಮ್ಮ ಜಿಮ್ಮಲ್ಲಿ ದಿನಾ ಒಬ್ರಾದ್ರೂ ನಿಂತ್ಕೊಂಡು ಎರಡು ಕೈಯಲ್ಲಿ ಡಂಬಲ್ ಮುಂದೆ ಹಿಡಿದು, ಅಡ್ಡಕ್ಕೆ ಬಿಚ್ಚಿ ಮತ್ತೆ ಸೇರಿಸಿ, ಎದೆಗೆ ಮಾಡ್ತಿದ್ದೇನೆ ಅಂತಾರೆ. ಡಂಬಲ್ ಎಳೆಯುದು ಯಾವಾಗಲೂ ನೆಲದ ಕಡೆಗೇ, ಅಡ್ಡಕ್ಕೆ ಅದರ ತಡೆ ಇಲ್ಲವೇ ಇಲ್ಲ. ಹಾಗಾಗಿ ಅಲ್ಲಿ ಸುಸ್ತಾಗುದು ಕೈಯನ್ನು ಎತ್ತಿ ಹಿಡಿಯುವ ಭುಜದ ಮಸಲ್, ಎದೆಗೆ ಹೆಚ್ಚೇನೂ ಸಿಗುದಿಲ್ಲ. ಅದೇ ಕೈಚಲನೆಯನ್ನು ಬೆಂಚಲ್ಲಿ ಮಲಗಿ ಮಾಡಿದ್ರೆ, ಇಲ್ಲಾಂದ್ರೆ ಪಕ್ಕದಿಂದ ಎಳೆಯುವ ಕೇಬಲಲ್ಲಿ ಮಾಡಿದ್ರೆ ಎದೆಗೆ ಸರಿಯಾಗಿ ಬೀಳ್ತದೆ. ಇದನ್ನು ಅವರಿಗೆ ಹೇಳ್ಲಿಕ್ಕೆ ಮಾತ್ರ ಹೋಗ್ಬೇಡಿ, ಜಿಮ್ಮಲ್ಲಿ ಕೇಳದೆ ಬುದ್ಧಿ ಹೇಳುವವರನ್ನು ಯಾರಿಗೂ ಆಗುದಿಲ್ಲ.

ಕಾಲಿಗೆ ಬಂದ್ರೆ ಸ್ವಲ್ಪ ಮಂಡೆಬಿಸಿ, ಯಾಕಂದ್ರೆ ಕೆಲವು ಮಸಲ್ ಎರಡು ಗಂಟು ದಾಟಿ ಹೋಗ್ತದೆ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸೊಂಟವನ್ನೂ ದಾಟ್ತದೆ, ಮೊಣಗಂಟನ್ನೂ ದಾಟ್ತದೆ. ಸ್ಕ್ವಾಟಲ್ಲಿ ಎದ್ದು ನಿಲ್ಲುವಾಗ ಸೊಂಟದ ಕಡೆ ಅದು ಗಿಡ್ಡ ಆಗ್ತದೆ, ಅದೇ ಹೊತ್ತಿಗೆ ಮೊಣಗಂಟಿನ ಕಡೆ ಉದ್ದ ಆಗ್ತದೆ, ಹಾಗಾಗಿ ಒಟ್ಟಿನಲ್ಲಿ ಅದರ ಉದ್ದ ಹೆಚ್ಚೇನೂ ಬದಲಾಗುದಿಲ್ಲ. ಸ್ಕ್ವಾಟ್ ಅಂದ್ರೆ ಮುಖ್ಯವಾಗಿ ತೊಡೆಯ ಮುಂದಿನ ಕ್ವಾಡ್ಸ್, ಕುಂಡೆಯ ಗ್ಲೂಟ್ಸ್, ತೊಡೆಯ ಒಳಬದಿ. ಹ್ಯಾಮ್‌ಸ್ಟ್ರಿಂಗ್‌ಗೆ ಬೇಕಾದ್ರೆ ಮೊಣಗಂಟು ಹೆಚ್ಚು ಮಡಚದೆ ಸೊಂಟದಿಂದ ಬಗ್ಗುವ ರೊಮೇನಿಯನ್ ಡೆಡ್‌ಲಿಫ್ಟ್, ಇಲ್ಲಾಂದ್ರೆ ಲೆಗ್ ಕರ್ಲ್. ಕೆಲವರು, ಕೂರುವಾಗ ಮೊಣಗಂಟು ಮಡಚ್ತದಲ್ಲ, ಮಡಚುವ ಮಸಲ್ ಹ್ಯಾಮ್‌ಸ್ಟ್ರಿಂಗ್ ಅಲ್ವಾ ಅಂತ ಕೇಳ್ತಾರೆ. ಮಡಚುದು ಭಾರ ಮಾರಾಯ್ರೆ, ನಿಮ್ಮ ಕ್ವಾಡ್ಸ್ ಅದನ್ನು ಬ್ರೇಕ್ ಹಾಕಿ ಹಾಕಿ ಮೆಲ್ಲ ಇಳಿಸ್ತಾ ಇರ್ತದೆ. ಹೀಗೆ ಉದ್ದ ಆಗ್ತಾ ಆಗ್ತಾ ಕೆಲಸ ಮಾಡುವಾಗಲೇ ಮರುದಿನದ ನೋವು ಹೆಚ್ಚು ಬರುದು.

ಮೀನಖಂಡವೂ ಹಾಗೇ. ಮೇಲೆ ಕಾಣುವ ಗ್ಯಾಸ್ಟ್ರೋಕ್ನೀಮಿಯಸ್ ಮೊಣಗಂಟು ದಾಟ್ತದೆ, ಅಡಿಯ ಸೋಲಿಯಸ್ ದಾಟುದಿಲ್ಲ. ಹಿಮ್ಮಡಿ ಎತ್ತುವ ಕಾಫ್ ರೈಸನ್ನು ಕೂತು ಮಾಡಿದ್ರೆ ಮೇಲಿನದು ಸಡಿಲ, ಕೆಲಸ ಹೆಚ್ಚಾಗಿ ಸೋಲಿಯಸ್‌ಗೆ. ನಿಂತು ಮಾಡಿದ್ರೆ ಎರಡಕ್ಕೂ.

ಡೆಡ್‌ಲಿಫ್ಟಲ್ಲಿ ಬೆನ್ನು ಅಲ್ಲಾಡುದಿಲ್ಲವಲ್ಲ, ಮತ್ತೆ ಬೆನ್ನು ನೋಯುದು ಯಾಕೆ ಅಂತ ಕೇಳಬಹುದು. ಅಲ್ಲಾಡದ ಹಾಗೆ ಹಿಡಿಯುದೂ ಒಂದು ಕೆಲಸವೇ. ಬೆನ್ನೆಲುಬಿನ ಎರಡೂ ಬದಿಯ ಉದ್ದದ ಮಸಲ್‌ಗಳು ಇಡೀ ಸೆಟ್ ಬಿಗಿಯಾಗಿಯೇ ಇರ್ತವೆ.

ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಲ್ಲಿ 56 ಕೆಜಿ ವಿಭಾಗದಲ್ಲಿ ಬೆಳ್ಳಿ ತಂದ್ರು, 2022ರಲ್ಲಿ ಬರ್ಮಿಂಗ್‌ಹ್ಯಾಮಲ್ಲಿ 61 ಕೆಜಿ ವಿಭಾಗದಲ್ಲಿ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎರಡೂ ಸೇರಿ 269 ಕೆಜಿ ಎತ್ತಿ ಕಂಚು. ಅವರ ಕ್ಲೀನ್ ಅಂಡ್ ಜರ್ಕ್ (ರಾಡನ್ನು ನೆಲದಿಂದ ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುದು) ವಿಡಿಯೋ ಸ್ಲೋ ಮಾಡಿ ನೋಡಿ. ಇದು ಯಾವ ಮಸಲ್‌ಗೆ ಅಂತ ಕೇಳಿದ್ರೆ ಯಾವ ಚಾರ್ಟೂ ಒಂದು ಹೆಸರು ಕೊಡ್ಲಿಕ್ಕಿಲ್ಲ, ಆದ್ರೆ ಗಂಟು ನೋಡ್ತಾ ಹೋದ್ರೆ ಮೊಣಗಂಟು, ಸೊಂಟ, ಪಾದದ ಗಂಟು ನೇರ ಆಗುದು, ಹೆಗಲು ಮೇಲೆ ಹೋಗುದು, ಕೊನೆಗೆ ಮೊಣಕೈ ಲಾಕ್ ಆಗುದು, ಎಲ್ಲ ಒಂದೊಂದಾಗಿ ಕಾಣ್ತದೆ. ನನಗೆ ಮೆಷಿನ್ ಮೇಲಿನ ಕೆಂಪು ಬಣ್ಣದ ಸ್ಟಿಕ್ಕರ್‌ಗಿಂತ ಇಂಥ ವಿಡಿಯೋದಿಂದ ಅರ್ಥ ಆದದ್ದೇ ಹೆಚ್ಚು. ಸ್ಟಿಕ್ಕರಲ್ಲಿ ದೊಡ್ಡ ಮಸಲ್ ಒಂದಕ್ಕೆ ಬಣ್ಣ ಬಳಿದು ಬಿಟ್ಟಿರ್ತಾರೆ.

ಹೆಸರು ತುಂಬಾ ಕಲಿಯುದು ಬೇಡ. ಎದೆ, ಲ್ಯಾಟ್ಸ್, ಕುತ್ತಿಗೆಯಿಂದ ಮೇಲ್ಬೆನ್ನಿನವರೆಗಿನ ಟ್ರಾಪ್ಸ್, ಭುಜದ ಮುಂದೆ-ಪಕ್ಕ-ಹಿಂದೆ, ಬೈಸೆಪ್ಸ್, ಟ್ರೈಸೆಪ್ಸ್, ಹೊಟ್ಟೆ, ಬೆನ್ನೆಲುಬಿನ ಬದಿ, ಗ್ಲೂಟ್ಸ್, ಕ್ವಾಡ್ಸ್, ಹ್ಯಾಮ್‌ಸ್ಟ್ರಿಂಗ್, ಮೀನಖಂಡ, ಸದ್ಯಕ್ಕೆ ಇಷ್ಟು ಧಾರಾಳ ಸಾಕು. ಇವು ಎಲ್ಲಿಂದ ಹೊರಟು ಎಲ್ಲಿಗೆ ಸೇರ್ತದೆ ಅಂತ ಮಾತ್ರ ಗೊತ್ತಿರ್ಬೇಕು. ಮತ್ತೆ, ಎಲ್ಲಿ ನೋಯ್ತದೋ ಅಲ್ಲೇ ಕೆಲಸ ಆದದ್ದು ಅಂತ ಪೂರ್ತಿ ನಂಬ್ಬೇಡಿ, ಹಳೇ ಎಕ್ಸರ್ಸೈಸ್ ಆದ್ರೆ ಚೆನ್ನಾಗಿ ಕೆಲಸ ಆದ್ರೂ ಮರುದಿನ ಏನೂ ನೋಯದೆ ಇರಬಹುದು. ಆದ್ರೆ ಗಂಟಿನ ಒಳಗೇ ಚುಚ್ಚಿದ ಹಾಗೆ ನೋವು ಬಂದ್ರೆ ಅದು ಬೇರೆ ಕತೆ, ನಿಲ್ಲಿಸಿ ಫಿಸಿಯೋ ಹತ್ರ ತೋರಿಸಿ.

ನೀವು ಉಡುಪಿಯವರು ಅಂತ ಬರ್ದಿದ್ದೀರಿ, ಹಾಗಾದ್ರೆ ಮಣಿಪಾಲದ ಅನಾಟಮಿ ಮ್ಯೂಸಿಯಂ ನಿಮಗೆ ಹತ್ರವೇ ಆಯ್ತಲ್ಲ, ಸಾರ್ವಜನಿಕರನ್ನೂ ಬಿಡ್ತಾರೆ. ಮನುಷ್ಯನ ಕೈಕಾಲಿನ ಮಸಲ್, ಟೆಂಡನ್ ನಿಜವಾದದ್ದನ್ನೇ ಅಲ್ಲಿ ನೋಡಬಹುದು, ಚಿತ್ರದಲ್ಲಿ ಗೊತ್ತಾಗದ ದಪ್ಪ, ಅಗಲ ಎಲ್ಲ ಕಣ್ಣಿಗೆ ಬೀಳ್ತದೆ. ಹೋಗುವ ಮೊದಲು ಟೈಮಿಂಗ್ ಒಮ್ಮೆ ಕೇಳ್ಕೊಳ್ಳಿ, ಮತ್ತೆ ಊಟ ಆದ ಕೂಡ್ಲೆ ಹೋಗ್ಬೇಡಿ.