ಬಸ್ಸು ತಂದವಳೂ ಅಧ್ಯಕ್ಷೆಯೇ

ರಾಯಚೂರಿನಿಂದ ಪಿಯು ಎರಡನೇ ವರ್ಷದ ಹುಡುಗಿಯೊಬ್ಬಳು ಬರೆದಿದ್ದಾಳೆ. ಕಾಲೇಜಿನ ಇತಿಹಾಸ ಸಂಘಕ್ಕೆ ಅವಳೂ ಅವಳ ಗೆಳತಿಯೂ ಜಂಟಿ ಅಧ್ಯಕ್ಷೆಯರು. ಈಗ ಕಾಮನ್ ಆ್ಯಪ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಅರ್ಜಿ ತುಂಬುತ್ತಿದ್ದಾಳೆ; ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಆನ್‌ಲೈನ್ ವ್ಯವಸ್ಥೆ ಅದು. ‘ಜಂಟಿ ಅಂತ ಹಾಕಿದ್ರೆ ಬೆಲೆ ಇರಲ್ಲ, ಸುಮ್ನೆ ಅಧ್ಯಕ್ಷೆ ಅಂತ ಹಾಕು, ಯಾರು ಬಂದು ನೋಡ್ತಾರೆ’ ಅಂತ ಬೆಂಗಳೂರಿನ ಸೋದರಮಾವ ಹೇಳಿದ್ದಾರಂತೆ. ಹಾಕಲಾ, ಬೇಡವಾ?

ಬೇಡ, ತಂಗಿ.

ಆದರೆ ನನ್ನನ್ನು ಕೆಣಕಿದ್ದು ನಿನ್ನ ಪತ್ರದ ಬೇರೆ ಮಾತು. ಜೂನಿಯರ್‌ಗಳನ್ನು ಮಸ್ಕಿಗೆ ಕರೆದುಕೊಂಡು ಹೋಗಿ, ಅಶೋಕನ ಶಾಸನದ ಮುಂದೆ ನಿಂತು ನೀನು ವಿವರಿಸಿದ್ದನ್ನು ಅರ್ಧ ಪುಟ ಬರೆದಿದ್ದೀಯ. ಗೆಳತಿಗೆ ಒಂದೇ ಸಾಲು: ‘ಬಸ್ಸು, ದುಡ್ಡು, ಪರ್ಮಿಷನ್ ಅವಳು ನೋಡಿಕೊಂಡಳು, ಅಷ್ಟೇ.’ ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸೋಕೆ ಆ ಹುಡುಗಿ ಎಷ್ಟು ಮನೆಗಳ ಅಪ್ಪಂದಿರನ್ನು ಒಪ್ಪಿಸಿರಬೇಕು! ಅವಳು ಬಸ್ಸು ತರದಿದ್ದರೆ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನೋ ರಾಜ ಅಶೋಕನೇ ಅಂತ ಆ ಬಂಡೆಯಿಂದ ತಿಳಿಯಿತು ಅನ್ನೋದನ್ನು ನೀನು ಯಾರಿಗೆ ಹೇಳುತ್ತಿದ್ದೆ?

ನಮ್ಮ ಕಡೆ ಗಣೇಶ ಮಂಡಳಿ ಬ್ಯಾನರಿನಲ್ಲೂ ಇದೇ ಕಥೆ. ಗೌರವಾಧ್ಯಕ್ಷರ ಫೋಟೋ ಸಾಲುಸಾಲು. ಪೆಂಡಾಲ್ ಹಾಕಿದ ಹುಡುಗರ ಹೆಸರು ಮೂಲೆಯಲ್ಲೂ ಇರಲ್ಲ. ಯಾರಾದರೂ ಅಧ್ಯಕ್ಷ ಅಂದರೆ ‘ಏನು ಮಾಡಿದೆ?’ ಅಂತ ಕೇಳಿ ಅಂತ ಈ ಅಂಕಣದಲ್ಲಿ ಹೇಳುತ್ತಲೇ ಇದ್ದೇನೆ.

ಆ ಅರ್ಜಿ ಕೇಳುವುದೂ ಅದನ್ನೇ. ಹುದ್ದೆಗೆ 50 ಅಕ್ಷರದ ಜಾಗ, ವಿವರಕ್ಕೆ 150. ‘ಕೋ-ಪ್ರೆಸಿಡೆಂಟ್’ ಅನ್ನೋದು 50ರಲ್ಲಿ ಆರಾಮಾಗಿ ಹಿಡಿಯುತ್ತದೆ. 150ರಲ್ಲಿ ನೀನೇ ಮಾಡಿದ್ದನ್ನು ಬರೆ: ಶಾಸನದ ವಿವರಣೆ ತಯಾರಿಸಿದೆ, ಜೂನಿಯರ್‌ಗಳಿಗೆ ಬ್ರಾಹ್ಮಿ ಅಕ್ಷರ ಹೇಳಿಕೊಟ್ಟೆ. ಪ್ರವಾಸ ಏರ್ಪಡಿಸಿದ್ದನ್ನು ಬರೆಯಲೇಬೇಕಾದರೆ ‘ಜೊತೆಗೂಡಿ’ ಅಂತ ಸೇರಿಸು. ಇದರಲ್ಲಿ ನಿನ್ನ ಬೆಲೆ ಎಲ್ಲಿ ಕಡಿಮೆಯಾಯಿತು?

ಮಾವನವರೇ, ಕೊಟ್ಟ ಮಾಹಿತಿಯೆಲ್ಲ ನಿಜ ಅಂತ ಕೊನೆಗೆ ಸಹಿ ಹಾಕುವುದು ನಿಮ್ಮ ಸೊಸೆ, ನೀವಲ್ಲ. ಸುಳ್ಳು ಅಂತ ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು. ಅವಳಿಗೆ ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ಸಂಘಕ್ಕೆ ಇಬ್ಬರು ಅಧ್ಯಕ್ಷೆಯರಿದ್ದದ್ದು ಗೊತ್ತಿರುತ್ತೆ, ಅಲ್ವಾ? ಮಗುವಿಗೆ ಧೈರ್ಯ ಹೇಳಬೇಕಾದವರು ನೀವು, ಅಡ್ಡದಾರಿ ಹೇಳಿದಿರಿ.

ತಂಗಿ, ನೀನು ಒಂದೇ ಕೆಲಸ ಮಾಡು. ಸಬ್‌ಮಿಟ್ ಒತ್ತುವ ಮೊದಲು ಆ ಸಾಲನ್ನು ಗೆಳತಿಗೆ ವಾಟ್ಸಾಪ್ ಮಾಡು. ಅವಳು ಓದಿ ‘ಸರಿ ಇದೆ’ ಅನ್ನುವವರೆಗೆ ಅರ್ಜಿ ಕಳಿಸಬೇಡ.